ಪರದೆಯ ಪಟ್ಟಿ ಮತ್ತು ಕ್ಲೌಡ್ ಕ್ವೆರಿ: ಮೊಬೈಲ್ ಆ್ಯಪ್‌ಗಳಲ್ಲಿ ದಾಖಲೆಗಳ ಅನುಕ್ರಮ, ಪುಟವಿಂಗಡಣೆ

ಕ್ಲೌಡ್ ಡೇಟಾಬೇಸಿನ ದಾಖಲೆಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಪಟ್ಟಿಯಾಗಿ ತೋರಿಸುವುದು ಮೇಲ್ನೋಟಕ್ಕೆ ಪರದೆಯ ವಿನ್ಯಾಸಕ್ಕೆ ಸೇರಿದ ಕೆಲಸ. ಆದರೆ ಆ ಪಟ್ಟಿ ಸರಿಯೇ, ಅದರ ವೆಚ್ಚ ಹಿತಮಿತವೇ, ಅದು ನಂಬಲರ್ಹವೇ ಎಂಬುದೆಲ್ಲ ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯ, ಹಂತದಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಗೂಗಲ್ 2017ರಲ್ಲಿ ಬೀಟಾ ರೂಪದಲ್ಲಿ ಹೊರತಂದ ಕ್ಲೌಡ್ ಫೈರ್‌ಸ್ಟೋರ್ ಡೇಟಾಬೇಸು ಹಾಗೂ ಪಟ್ಟಿ ತೋರಿಸುವ ಆಂಡ್ರಾಯ್ಡ್‌ನ ರಿಸೈಕ್ಲರ್‌ವ್ಯೂ ಇಲ್ಲಿನ ನಿದರ್ಶನಗಳು. ಪರದೆಯಿಂದಾಚೆ ಸರಿದ ಸಾಲಿನ ಚೌಕಟ್ಟನ್ನೇ ರಿಸೈಕ್ಲರ್‌ವ್ಯೂ ಮುಂದಿನ ದಾಖಲೆಗೆ ಮರುಬಳಸುತ್ತದೆ. ಹಾಗಾಗಿ ಸಾವಿರಾರು ದಾಖಲೆಗಳಿದ್ದರೂ ಸ್ಕ್ರೋಲ್ ಸರಾಗ. ಈ ಸರಾಗತೆ ದಾರಿ ತಪ್ಪಿಸುತ್ತದೆ. ಮರುಬಳಕೆಯಾಗುವುದು ಚೌಕಟ್ಟು ಮಾತ್ರ. ಮಿತಿಯಿಲ್ಲದ ಕ್ವೆರಿ ಹಾಕಿದ್ದರೆ ದಾಖಲೆಗಳೆಲ್ಲ ಅಷ್ಟರಲ್ಲಿ ಫೋನಿಗೆ ಇಳಿದು, ಓದಿದ ದಾಖಲೆಗಳ ಎಣಿಕೆಯಂತೆ ಬೀಳುವ ಶುಲ್ಕದ ಲೆಕ್ಕಕ್ಕೂ ಸೇರಿರುತ್ತವೆ.

ಪುಟವಿಂಗಡಣೆಯ ಎರಡು ವಿಧಾನಗಳನ್ನು ಹೋಲಿಸಿದರೆ ಕ್ವೆರಿಯ ಈ ಪಾತ್ರ ಸ್ಪಷ್ಟವಾಗುತ್ತದೆ. ಸರ್ವರ್ ಲೈಬ್ರರಿಗಳಲ್ಲಿರುವ ಆಫ್‌ಸೆಟ್ ವಿಧಾನದಲ್ಲಿ ಮೊದಲ ಇಷ್ಟು ದಾಖಲೆಗಳನ್ನು ಬಿಟ್ಟು ಮುಂದಿನವನ್ನು ಕೊಡು ಎಂದು ಕೇಳಲಾಗುತ್ತದೆ. ಬಿಟ್ಟ ದಾಖಲೆಗಳನ್ನೂ ಫೈರ್‌ಸ್ಟೋರ್ ಒಳಗೊಳಗೇ ಓದುತ್ತದೆ, ಅವಕ್ಕೂ ಶುಲ್ಕ ಎಣಿಸುತ್ತದೆ. ಪುಟಕ್ಕೆ 20ರಂತೆ 10 ಪುಟ ನೋಡಿದ ಒಬ್ಬರಿಗಾಗಿ 20, 40, 60 ಎಂದು ಏರುತ್ತ ಒಟ್ಟು 1,100 ಓದುಗಳಾಗುತ್ತವೆ. ಕೊನೆಯದಾಗಿ ಕಂಡ ದಾಖಲೆಯನ್ನೇ ಗುರುತಾಗಿಟ್ಟು ಅದರ ಮುಂದಿನವನ್ನು ಕೇಳುವ ಕರ್ಸರ್ ವಿಧಾನದಲ್ಲಿ ಇದು 200ಕ್ಕೆ ನಿಲ್ಲುತ್ತದೆ. ದಿನಕ್ಕೆ 50,000 ಓದುಗಳ ಉಚಿತ ಮಿತಿಯಲ್ಲಿ ಮೊದಲ ವಿಧಾನ 45 ಬಳಕೆದಾರರಿಗೆ ಸಾಲುತ್ತದೆ, ಎರಡನೆಯದು 250 ಮಂದಿಗೆ. ವೆಚ್ಚಕ್ಕಿಂತ ಗಂಭೀರವಾದುದು ನಿಖರತೆ. ಓದುವ ನಡುವೆ ಮೇಲುಗಡೆ ಹೊಸ ದಾಖಲೆಯೊಂದು ಸೇರಿದರೆ ಆಫ್‌ಸೆಟ್ ಪಟ್ಟಿಯಲ್ಲಿ 20ನೆಯದು 21ನೆಯದಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಅಳಿದರೆ ಇನ್ನೊಂದು ಕಾಣದೆಯೇ ಹೋಗುತ್ತದೆ.

ಕನ್ನಡದ ಅಕಾರಾದಿ ಕ್ರಮ ಇನ್ನೂ ಬಲವಾದ ಪುರಾವೆ. ಫೈರ್‌ಸ್ಟೋರ್ ಪಠ್ಯವನ್ನು ಯುಟಿಎಫ್-8 ಬೈಟ್‌ಗಳ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡ್‌ನ ಕನ್ನಡ ವಿಭಾಗದಲ್ಲಿ ‘ಳ’ ಇರುವುದು ‘ಲ’ ಮತ್ತು ‘ವ’ಗಳ ನಡುವೆ, ವರ್ಣಮಾಲೆಯಲ್ಲಿ ಅದು ‘ಹ’ದ ನಂತರ ಬರುತ್ತದೆ. ಹೀಗಾಗಿ ಊರುಗಳ ಪಟ್ಟಿಯಲ್ಲಿ ಕವಲೇದುರ್ಗದ ನಂತರ ಬರಬೇಕಾದ ಕಳಸ ಮೊದಲೇ ಬರುತ್ತದೆ. ಫೋನಿನಲ್ಲೇ ಮತ್ತೊಮ್ಮೆ ಜೋಡಿಸಿದರೆ ಸಾಕಲ್ಲವೇ ಎನ್ನಬಹುದು. ಪಟ್ಟಿ ಪೂರ್ತಿ ಇಳಿದಿದ್ದರೆ ಸಾಕು. ಪುಟಪುಟವಾಗಿ ಬಂದಾಗ ಯಾವ ಊರು ಯಾವ ಪುಟಕ್ಕೆ ಎಂಬುದನ್ನು ಡೇಟಾಬೇಸು ಆಗಲೇ ನಿರ್ಧರಿಸಿರುತ್ತದೆ, ಫೋನು ಸರಿಪಡಿಸಬಲ್ಲದ್ದು ತನಗೆ ಬಂದ ತುಣುಕನ್ನಷ್ಟೇ. ವರ್ಣಮಾಲೆಯನ್ನು ಅನುಸರಿಸುವ ವಿಂಗಡಣಾ ಕೀಲಿಯೊಂದನ್ನು ದಾಖಲೆ ಬರೆಯುವಾಗಲೇ ಸೇರಿಸಿ, ಅದರ ಮೇಲೆ ಕ್ವೆರಿ ಹಾಕುವುದೇ ಪರಿಹಾರ.

ಈ ವಾದಕ್ಕೆ ಆಕ್ಷೇಪಗಳಿವೆ. ಕರ್ಸರ್ ಇದ್ದರೆ ನೇರವಾಗಿ 7ನೇ ಪುಟಕ್ಕೆ ಜಿಗಿಯಲಾಗದು. ನಿಜ, ಆದರೆ ಕೈಬೆರಳಿನಿಂದ ಸರಿಸುವ ಪಟ್ಟಿಯಲ್ಲಿ ಪುಟಸಂಖ್ಯೆಗಿಂತ ಹುಡುಕಾಟ, ಸೋಸುವಿಕೆಗಳೇ ಹೆಚ್ಚು ಉಪಯುಕ್ತ. ಹತ್ತಿಪ್ಪತ್ತು ದಾಖಲೆಗಳಿಗೆ ಇಷ್ಟೆಲ್ಲ ಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಎಂದೂ ಬೆಳೆಯದ ಪಟ್ಟಿಗೆ ಬೇಡ. ಬೆಳೆಯುವ ಪಟ್ಟಿಗೆ ಮಿತಿಯನ್ನು ಮೊದಲೇ ಹಾಕುವುದು ಲೇಸು. ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಕರ್ಸರ್ ಕೂಡ ತಪ್ಪಬಲ್ಲದು. ಕೊನೆಯ ತಿದ್ದುಪಡಿಯ ವೇಳೆಯಂತೆ ಬದಲಾಗುವ ಮೌಲ್ಯದ ಮೇಲೆ ಅನುಕ್ರಮ ನಿಂತಿದ್ದರೆ ದಾಖಲೆಯೊಂದು ಗುರುತಿನ ಆಚೀಚೆ ಜಿಗಿಯಬಹುದು; ಎರಡು ದಾಖಲೆಗಳ ವೇಳೆ ಒಂದೇ ಆಗಿ, ವೇಳೆಯನ್ನಷ್ಟೇ ಗುರುತಾಗಿಟ್ಟಿದ್ದರೆ ಒಂದು ತಪ್ಪಿಹೋಗಬಹುದು. ಸೃಷ್ಟಿಯ ವೇಳೆಯಂಥ ಸ್ಥಿರ ಮೌಲ್ಯವನ್ನು ಆರಿಸಿ, ಇಡೀ ದಾಖಲೆಯನ್ನೇ ಗುರುತಾಗಿ ಕೊಟ್ಟರೆ ಎರಡೂ ತೊಡಕು ನೀಗುತ್ತವೆ. ಈ ಆಕ್ಷೇಪವೂ ಕೊನೆಗೆ ಕ್ವೆರಿಯತ್ತಲೇ ಬೊಟ್ಟು ಮಾಡುತ್ತದೆ.

ಇನ್ನು ಉಳಿದದ್ದು ನಂಬಲರ್ಹತೆ. ಜಾಲ ಸಂಪರ್ಕವಿಲ್ಲದಾಗ ಫೈರ್‌ಸ್ಟೋರ್ ಫೋನಿನ ಕ್ಯಾಶ್‌ನಿಂದಲೇ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದಲೇ, ಉತ್ತರಿಸುತ್ತದೆ, ಹಾಗೆ ಉತ್ತರಿಸಿದ್ದನ್ನು ಫಲಿತಾಂಶದೊಂದಿಗೇ ತಿಳಿಸುತ್ತದೆ. ಆ ಮಾಹಿತಿಯನ್ನು ಬಳಕೆದಾರರಿಗೆ ಮುಟ್ಟಿಸದ ಆ್ಯಪ್ ಹಳೆಯದನ್ನು ಹೊಸದೆಂದು ನಂಬಿಸುತ್ತದೆ. ಧಾರಣೆ, ಔಷಧ ದಾಸ್ತಾನುಗಳ ಪಟ್ಟಿಯಲ್ಲಿ ಇದು ನೇರ ಹಾನಿ. ಆದ್ದರಿಂದ ಪಟ್ಟಿ ಕಟ್ಟುವವರು ಬಣ್ಣ, ಅಂತರಗಳಿಗೆ ಕೈಹಾಕುವ ಮುನ್ನ ಅನುಕ್ರಮ ಯಾವುದು, ಮಿತಿ ಎಷ್ಟು, ಮಾಹಿತಿ ಯಾವ ಹೊತ್ತಿನದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ನಿಶ್ಚಯಿಸಿಕೊಳ್ಳಬೇಕು.