ಅಸೀಲ್: ಕಾಳಗದ ಕೋಳಿಯ ಕುಲಕಥೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಹಿತ್ತಲಲ್ಲಿ ಕೆದರಿಕೊಂಡು ಬೆಳೆಯುವ ಕೋಳಿಗೆ ‘ಜವಾರಿ ಕೋಳಿ’ ಎನ್ನುತ್ತಾರೆ. ಅಂಗಡಿಯ ಪಂಜರದಲ್ಲಿರುವ ಬಿಳಿ ಕೋಳಿ ‘ಬ್ರಾಯ್ಲರ್’. ಜವಾರಿ ನಮ್ಮದು, ಬ್ರಾಯ್ಲರ್ ಪರದೇಶದ್ದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಈ ಬಿಳಿ ಕೋಳಿಯ ವಂಶವನ್ನು ಹುಡುಕುತ್ತ ಹಿಂದಕ್ಕೆ ಹೋದರೆ ಅದರ ಒಂದು ಬೇರು ಭಾರತದಲ್ಲೇ ಸಿಗುತ್ತದೆ. ಆ ಬೇರಿನ ಹೆಸರು ಅಸೀಲ್. ಮೊಟ್ಟೆಗಲ್ಲ, ಮಾಂಸಕ್ಕೂ ಅಲ್ಲ, ಠೀವಿಗೆ ಮತ್ತು ಕಾಳಗಕ್ಕೆಂದೇ ತಲೆತಲಾಂತರದಿಂದ ಸಾಕಿಕೊಂಡು ಬಂದ ತಳಿ ಇದು.

ಅಸೀಲ್ ಎಂಬುದು ಅರಬ್ಬಿ ಮೂಲದ ಪದ. ಶುದ್ಧವಾದ, ಒಳ್ಳೆಯ ಕುಲದ ಎಂದು ಅದರ ಅರ್ಥ. ಸಾಲದ ಲೆಕ್ಕದಲ್ಲಿ ನಾವು ಹೇಳುವ ‘ಅಸಲು’, ಒಡವೆಯ ವಿಷಯದಲ್ಲಿ ಹೇಳುವ ‘ಅಸಲಿ’ ಇದೇ ಮೂಲದಿಂದ ಬಂದವು. ತಳಿಯ ಮುಖ್ಯ ನೆಲೆ ಆಂಧ್ರ ಪ್ರದೇಶ, ಒಡಿಶಾ ಮತ್ತು ಛತ್ತೀಸಗಡದ ಭಾಗಗಳು. ಅಲ್ಲಿಂದ ಅದು ನೆರೆಹೊರೆಯ ನಾಡುಗಳಿಗೂ ಹರಡಿದೆ.

ರೂಪ ಮತ್ತು ಸ್ವಭಾವ

ಅಸೀಲ್ ಹುಂಜವನ್ನು ಗುರುತಿಸುವುದು ಕಷ್ಟವಲ್ಲ. ನೆಟ್ಟಗೆ ನಿಲ್ಲುವ ಮೈ, ಉದ್ದನೆಯ ಕೊರಳು, ಅಗಲವಾದ ಎದೆ, ದಪ್ಪನೆಯ ಗಟ್ಟಿ ಕಾಲು. ದೊಡ್ಡ ಹುಂಜ 4ರಿಂದ 5 ಕಿಲೋ ತೂಗುತ್ತದೆ. ಗರಿಗಳು ಕಿರಿದು, ಬಿರುಸು. ಮೈಗೆ ಅಂಟಿಕೊಂಡಂತೆ ಇರುತ್ತವೆ. ಸಾಮಾನ್ಯ ಹುಂಜಕ್ಕೆ ಗರಗಸದಂತಹ ಎತ್ತರದ ಕೆಂಪು ಜುಟ್ಟು ಇದ್ದರೆ, ಅಸೀಲ್‌ನ ಜುಟ್ಟು ತಲೆಗೆ ಅಂಟಿದ ಬಟಾಣಿ ಸಾಲಿನಷ್ಟೇ ಚಿಕ್ಕದು. ಗಲ್ಲದ ಕೆಳಗೆ ಜೋಲುವ ಕೆಂಪು ಚರ್ಮವಂತೂ ಇಲ್ಲವೆನ್ನುವಷ್ಟು ಕಡಿಮೆ.

ಈ ಲಕ್ಷಣಗಳ ಹಿಂದೆ ಕಾಳಗದ ಲೆಕ್ಕಾಚಾರವಿದೆ. ಎತ್ತರದ ಜುಟ್ಟು, ಜೋಲುವ ಚರ್ಮ ಇದ್ದರೆ ಎದುರಾಳಿಯ ಕೊಕ್ಕಿಗೆ ಹಿಡಿತ ಸಿಗುತ್ತದೆ. ಹಾಗಾಗಿ ಅವು ಇಲ್ಲದ ಹುಂಜಗಳನ್ನೇ ಆರಿಸಿ, ಅವುಗಳಿಂದಲೇ ಮರಿ ಮಾಡಿಸುತ್ತ ಬಂದರು. ಇಂತಹ ಬಟಾಣಿ ಜುಟ್ಟಿಗೆ ಕೋಳಿಯ ‘ಸಾಕ್ಸ್-5’ ಎಂಬ ವಂಶವಾಹಿಯಲ್ಲಾದ ಮಾರ್ಪಾಡು ಕಾರಣವೆಂದು ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟರು. ವಂಶವಾಹಿಯ ಹೆಸರೇ ತಿಳಿಯದ ಕಾಲದಲ್ಲಿ ಹಳ್ಳಿಯ ಸಾಕಣೆದಾರರು ಕಣ್ಣಳತೆಯಿಂದಲೇ ಅದನ್ನು ಆರಿಸಿದ್ದರು.

ಬಣ್ಣಕ್ಕೆ ತಕ್ಕಂತೆ ಹೆಸರುಗಳೂ ಉಂಟು. ಹೊಂಬಣ್ಣ ಬೆರೆತ ಕೆಂಪಿನದು ಪೀಲಾ, ಕಪ್ಪು-ಕೆಂಪಿನದು ಯಾಕೂಬ್, ಬಿಳಿಯದು ನೂರಿ, ಅಚ್ಚ ಕಪ್ಪಿನದು ಕಾಗರ್. ಮರಿಗಳು ಎಳವೆಯಿಂದಲೇ ಕಾದಾಟಕ್ಕೆ ಇಳಿಯುತ್ತವೆ. ಹೇಂಟೆಗಳೂ ಹಿಂದೆ ಬೀಳುವುದಿಲ್ಲ. ಹೇಂಟೆ ಮೊಟ್ಟೆ ಇಡುವುದು ಬಲು ಕಡಿಮೆ. ಫಾರಮ್ಮಿನ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಟ್ಟರೆ ಇದು 100ನ್ನೂ ಮುಟ್ಟುವುದಿಲ್ಲ. ಆದರೆ ಕಾವು ಕೂರುವುದರಲ್ಲಿ, ಮರಿಗಳನ್ನು ಕಾಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ವಿನೋದ ಮತ್ತು ವಿರಕ್ತಿ

ಹುಂಜದ ಕಾಳಗ ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ಗದಗ, ಲಕ್ಕುಂಡಿ, ಲಕ್ಷ್ಮೇಶ್ವರ, ಡಂಬಳಗಳಲ್ಲಿ ದೇಗುಲಗಳನ್ನು ಕಟ್ಟಿಸಿದ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಅರಮನೆಯ ವಿನೋದಗಳಲ್ಲಿ ಒಂದಾಗಿತ್ತು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ವಿಸ್ತಾರವಾದ ವಿವರಣೆ ಇದೆ. ಟಗರು, ಲಾವಕ್ಕಿ, ಕೋಣಗಳ ಕಾಳಗದ ಸಾಲಿನಲ್ಲೇ ‘ಕುಕ್ಕುಟ ವಿನೋದ’ವೂ ಸೇರಿದೆ. ಆ ಹುಂಜಗಳೇ ಇಂದಿನ ಅಸೀಲ್ ಎಂದು ಹೇಳಲಾಗದು. ಆದರೆ ಹುಂಜವನ್ನು ಅಡುಗೆಮನೆಯ ಆಚೆ ನೋಡುವ ರೂಢಿ ಈ ನೆಲದಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

ಇದರ ಇನ್ನೊಂದು ಮುಖವೂ ಕನ್ನಡದಲ್ಲಿ ದಾಖಲಾಗಿದೆ. ಚಾಲುಕ್ಯರು ಅಳಿದ ಮೇಲೆ, ಗದಗದ ಬಳಿಯ ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ ಲಕ್ಕುಂಡಿಯಲ್ಲಿ ನೆಲೆಯೂರಿದವನು ಹೊಯ್ಸಳರ ಇಮ್ಮಡಿ ಬಲ್ಲಾಳ. ಅವನ ಆಸ್ಥಾನಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ದೇವಿಗೆ ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಕೊಂದದ್ದು ಹಿಟ್ಟಿನ ಬೊಂಬೆಯನ್ನೇ ಆದರೂ ಮನಸ್ಸಿನಲ್ಲಿ ಮಾಡಿದ ಹಿಂಸೆಗೆ ಪಾಪ ತಪ್ಪಲಿಲ್ಲ. ತಾಯಿ-ಮಗ ಹಲವು ಪ್ರಾಣಿಜನ್ಮಗಳಲ್ಲಿ ಬಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟುತ್ತಾರೆ. ಎಂಬತ್ತು ವರ್ಷಗಳ ಅಂತರದಲ್ಲಿ ಒಂದು ಗ್ರಂಥ ಹುಂಜವನ್ನು ವಿನೋದದ ವಸ್ತುವಾಗಿ ಕಂಡರೆ, ಮತ್ತೊಂದು ಅದರ ಜೀವಕ್ಕಾಗಿ ಮರುಗಿತು.

ಕಡಲಾಚೆಯ ಪಯಣ

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿಗಳ ಜೊತೆಗೆ ಅಸೀಲ್ ಇಂಗ್ಲೆಂಡಿಗೆ ಹೋಯಿತು. ಭಾರತದಲ್ಲಿ ಸೇವೆ ಸಲ್ಲಿಸಿದ ಜನರಲ್ ವಾಲ್ಟರ್ ಗಿಲ್ಬರ್ಟ್ ಕಾರ್ನ್‌ವಾಲ್ ಪ್ರಾಂತದಲ್ಲಿ ಅದನ್ನು ಅಲ್ಲಿನ ಕಾಳಗದ ಕೋಳಿಗಳೊಂದಿಗೆ ಕೂಡಿಸಿ ಹೊಸ ತಳಿಯನ್ನು ಬೆಳೆಸಿದನೆಂದು ಹೇಳಲಾಗುತ್ತದೆ. ಅದಕ್ಕೆ ‘ಇಂಡಿಯನ್ ಗೇಮ್’ ಎಂದು ಹೆಸರಾಯಿತು. ಅಮೆರಿಕದಲ್ಲಿ ‘ಕಾರ್ನಿಷ್’ ಎಂದು ಕರೆದರು. ಹೊಸ ಕೋಳಿ ಕಾಳಗಕ್ಕೆ ನಿಧಾನ, ಆದರೆ ಎದೆಯ ಮಾಂಸಕ್ಕೆ ಬಲು ಸೊಗಸು.

ಅಮೆರಿಕದಲ್ಲಿ ‘ನಾಳೆಯ ಕೋಳಿ’ ಎಂಬ ಹೆಸರಿನ ರಾಷ್ಟ್ರೀಯ ಸ್ಪರ್ಧೆ 1948 ಮತ್ತು 1951ರಲ್ಲಿ ನಡೆದಾಗ ಎರಡು ಸಲವೂ ಗೆದ್ದದ್ದು ಕಾರ್ನಿಷ್ ಮಿಶ್ರತಳಿ. ಅಲ್ಲಿಂದ ಮುಂದೆ ಕಾರ್ನಿಷ್ ಹುಂಜ, ಬಿಳಿ ಪ್ಲಿಮತ್ ರಾಕ್ ಹೇಂಟೆಗಳ ಸಂತತಿಯಿಂದ ಆರೇ ವಾರದಲ್ಲಿ ಎರಡು ಕಿಲೋ ದಾಟುವ ಬ್ರಾಯ್ಲರ್ ರೂಪುಗೊಂಡಿತು. ಹೀಗೆ ಊಟಕ್ಕೆಂದು ಸಾಕದ ಹುಂಜವೊಂದರ ಎದೆಗಟ್ಟು ಜಗತ್ತಿನ ಊಟದ ತಟ್ಟೆಯನ್ನು ತುಂಬಿತು.

ಅಂದವೇ ಆಸರೆ

ಇಂಗ್ಲೆಂಡಿನಲ್ಲಿ ನಡೆದ ಇನ್ನೊಂದು ಸಂಗತಿಯೂ ಗಮನಾರ್ಹ. ಅಲ್ಲಿ 1835 ಮತ್ತು 1849ರ ಕಾನೂನುಗಳು ಕೋಳಿ ಕಾಳಗವನ್ನು ನಿಷೇಧಿಸಿದವು. ಕಾಳಗವಿಲ್ಲದ ಮೇಲೆ ಆ ತಳಿಗಳು ಅಳಿದುಹೋಗಬೇಕಿತ್ತು. ಹಾಗಾಗಲಿಲ್ಲ. 1845ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಆರಂಭವಾದ ಕೋಳಿ ಪ್ರದರ್ಶನಗಳು ಊರೂರಿಗೆ ಹಬ್ಬಿದವು. 1865ರಲ್ಲಿ ಪ್ರತಿಯೊಂದು ತಳಿಯ ಲಕ್ಷಣಗಳನ್ನು ಗೊತ್ತುಮಾಡುವ ಗ್ರಂಥವೇ ಅಚ್ಚಾಯಿತು. ಕಾದಾಡುತ್ತಿದ್ದ ಹುಂಜಗಳು ನಿಲುವಿಗೆ, ಗರಿಯ ಹೊಳಪಿಗೆ ಬಹುಮಾನ ಪಡೆಯುವ ಅಲಂಕಾರದ ಪಕ್ಷಿಗಳಾದವು.

ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಗಳನ್ನು ಕಾದಾಟಕ್ಕೆ ಹುರಿದುಂಬಿಸುವುದನ್ನು ಅಪರಾಧವೆಂದು ಸಾರಿತು. ಅದು ಸರಿಯಾದುದೇ. ಆದರೆ ಕಾಳಗದ ಬದಲಿಗೆ ತಳಿಯನ್ನು ಉಳಿಸುವ ಬೇರೆ ಆಸರೆ ಇಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಮೊಟ್ಟೆ ಕಡಿಮೆ, ಬೆಳವಣಿಗೆ ನಿಧಾನ ಎಂಬ ಕಾರಣಕ್ಕೆ ಅಸೀಲನ್ನು ಬೇರೆ ಕೋಳಿಗಳೊಂದಿಗೆ ಬೆರೆಸುವುದು ಸಾಕಣೆದಾರನಿಗೆ ಲಾಭಕರ. ಹೀಗೆ ಬೆರೆತು ಹೋದ ಕುಲವನ್ನು ಮರಳಿ ಬೇರ್ಪಡಿಸುವುದು ಸುಲಭವಲ್ಲ.

ನಮ್ಮ ಜಾತ್ರೆಗಳಲ್ಲಿ ದನಗಳ ಪ್ರದರ್ಶನ ನಡೆಸಿ, ಒಳ್ಳೆಯ ಹೋರಿಗೆ ಬಹುಮಾನ ಕೊಡುವ ಪದ್ಧತಿ ಇದೆ. ಕೃಷಿ ಮೇಳಗಳಲ್ಲಿ ಹಣ್ಣು, ಹೂವಿಗೂ ಆ ಮರ್ಯಾದೆ ಉಂಟು. ಜಾತಿಹುಂಜಕ್ಕೂ ಅಂತಹದೊಂದು ಚಪ್ಪರ ದೊರೆತರೆ ಅಸೀಲ್ ಸಾಕುವವನಿಗೆ ರಕ್ತ ಹರಿಸದೆಯೂ ಕೀರ್ತಿ, ನಾಲ್ಕು ಕಾಸು ಸಿಗುತ್ತವೆ. ಸೋಮೇಶ್ವರನ ವಿನೋದಕ್ಕೂ ಜನ್ನನ ಕರುಣೆಗೂ ಒಟ್ಟಿಗೇ ನಿಲ್ಲಲು ಜಾಗವಿರುವುದು ಅಲ್ಲಿಯೇ.