ಹಾಯಿ ಹಡಗಿಗೆ ಯಾವ ಫ್ಯಾನ್?

ಮೈಸೂರಿನಿಂದ ಮಾತಾಡ್ತಿದ್ದೇನೆ. ಸಮುದ್ರವೇ ಇಲ್ಲದ ಊರಿನವನಿಗೆ ಹಡಗಿನ ಕಥೆ ಯಾಕೆ ಅಂತೀರಾ? 1799ರಲ್ಲಿ ಟಿಪ್ಪು ಸೋತ ಮೇಲೆ ಕೆನರಾ ಕರಾವಳಿ ಮೈಸೂರಿನ ಕೈತಪ್ಪಿತು. ಮತ್ತೆ ಸಿಕ್ಕಿದ್ದು 1956ರ ನವೆಂಬರ್ 1ಕ್ಕೆ. ನಡುವಿನ 157 ವರ್ಷಗಳಲ್ಲಿ ಸಮುದ್ರದ ಸವಾರಿಯೇ ಬದಲಾಗಿತ್ತು: ಪ್ರೊಪೆಲ್ಲರ್ ಬಂದಿತ್ತು. ನಮ್ಮ ಕರಾವಳಿಯವರ ಬಾಯಲ್ಲಿ ಅದು ‘ಫ್ಯಾನ್’.

1845ರಲ್ಲಿ ಬ್ರಿಟಿಷ್ ನೌಕಾಪಡೆ ಎರಡು ಹಡಗುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟ ಆಡಿಸಿತು. ಪ್ರೊಪೆಲ್ಲರ್ ಇದ್ದ ‘ರ‍್ಯಾಟ್ಲರ್’, ಪಕ್ಕದಲ್ಲಿ ಚಕ್ರಗಳಿದ್ದ ‘ಅಲೆಕ್ಟೋ’ವನ್ನು ಹಿಂದಕ್ಕೆ ಎಳೆದೊಯ್ದಿತು. ಸರಿ, ಪ್ರೊಪೆಲ್ಲರ್ ಗೆದ್ದಿತು. ಆದರೆ ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿದರೆ, ನೀರೊಳಗೆ ಸುಮ್ಮನೆ ನಿಂತ ಅದೇ ಫ್ಯಾನ್ ಬ್ರೇಕ್ ಥರ ಹಡಗನ್ನು ಹಿಡಿದೆಳೆಯುತ್ತೆ. 1860ರಲ್ಲಿ ನೀರಿಗಿಳಿದ ‘ವಾರಿಯರ್’ ಯುದ್ಧನೌಕೆಯಲ್ಲಿ ಅದನ್ನು ಮೇಲೆತ್ತಲು 600 ಜನ ಹಗ್ಗ ಎಳೀಬೇಕಿತ್ತು!

ಇವತ್ತಿನ ಹಾಯಿದೋಣಿಗೂ ಅದೇ ಪೀಕಲಾಟ. ಮೂರು ರೆಕ್ಕೆಯ ಫ್ಯಾನ್ ಚೆನ್ನಾಗಿ ತಳ್ಳುತ್ತೆ, ಹಾಯಿ ಬಿಚ್ಚಿದಾಗ ಅಷ್ಟೇ ಅಡ್ಡಿ. ಎರಡು ರೆಕ್ಕೆಯದ್ದಕ್ಕೆ ಅಡ್ಡಿ ಕಡಿಮೆ, ತಳ್ಳುವ ಬಲವೂ ಕಡಿಮೆ. ಮಡಚುವ ಫ್ಯಾನ್ ಅಡ್ಡಿಯನ್ನು ಬಹುಪಾಲು ತಪ್ಪಿಸುತ್ತೆ. ಬೆಲೆ ಜಾಸ್ತಿ, ರಿವರ್ಸ್‌ನಲ್ಲಿ ಸ್ವಲ್ಪ ದುರ್ಬಲ.

ಇನ್ನು ಅಳತೆ. 15×10 ಅಂದರೆ ವ್ಯಾಸ 15 ಇಂಚು, ‘ಪಿಚ್’ 10 ಇಂಚು. ನೀರು ಜಾರದೇ ಇದ್ದಿದ್ದರೆ ಒಂದು ಸುತ್ತಿಗೆ ಹಡಗು 10 ಇಂಚು ಮುಂದೆ ಹೋಗ್ತಿತ್ತು ಅಂತ. ಪಿಚ್ ಅಂದ್ರೆ ಸೈಕಲ್ ಗೇರ್ ಇದ್ದಂಗೆ. ಚಾಮುಂಡಿ ಬೆಟ್ಟವನ್ನು ದೊಡ್ಡ ಗೇರಲ್ಲಿ ಹತ್ತಿ ನೋಡಿ, ಕಾಲೇ ಆಡಲ್ಲ. ಪಿಚ್ ಹೆಚ್ಚಾದರೆ ಎಂಜಿನ್ನೂ ಹಾಗೇ: ಪೂರ್ತಿ ಥ್ರಾಟಲ್ ಕೊಟ್ಟರೂ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟದೆ ಕರಿಹೊಗೆ ಕಾರುತ್ತೆ. ಕಡಿಮೆಯಾದರೆ ಎಂಜಿನ್ ಅಬ್ಬರಿಸುತ್ತೆ, ದೋಣಿ ಮಾತ್ರ ಓಡಲ್ಲ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ನೆನೆಸಿಕೊಳ್ಳಿ. ಮೊದಲು ಹಾಯಿಯ ಬಲದಲ್ಲೇ ಓಡುತ್ತಿದ್ದ ಈ ಮರದ ಹಡಗುಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಬಂತು. ಖಾಲಿ ಮಂಜಿಗೆ ಹೊಂದುವ ಫ್ಯಾನ್ ಸಿಮೆಂಟು, ಜಲ್ಲಿ ತುಂಬಿದಾಗ ಎಂಜಿನ್ನಿನ ಉಸಿರುಗಟ್ಟಿಸಬಹುದು. ಅಳಿವೆ ಬಾಗಿಲಲ್ಲಿ ಎದುರು ಸೆಳೆತ ಇದ್ದಾಗ ಹಾಗಾದರೆ ಹೋಗೋದು ಬರೀ ಡೀಸೆಲ್ ಅಲ್ಲ, ಒಳಗಿರೋರ ಜೀವ.

ಅದಕ್ಕೇ, ಹಾರ್ಸ್‌ಪವರ್ ಒಂದನ್ನೇ ನೋಡಿ ಫ್ಯಾನ್ ಕೊಳ್ಳೋ ಹಾಗಿಲ್ಲ. ದೋಣಿ ಎಷ್ಟು ಭಾರ ಹೊರುತ್ತೆ, ಎಷ್ಟು ಹೊತ್ತು ಹಾಯಿಯಲ್ಲಿ ಓಡುತ್ತೆ ಅನ್ನೋದು ಮೊದಲ ಪ್ರಶ್ನೆ. ಪೂರ್ತಿ ಲೋಡ್ ಹಾಕಿ, ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಮೀಟರ್ ನೋಡಿ. ಉತ್ತರ ಅಲ್ಲಿರುತ್ತೆ.