ಗಾಯದ ಕರೆ ಕೇಳಿಸಿಕೊಂಡವರು

ಗಾಯವಾದ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯೇರುತ್ತದೆ, ನೋಯುತ್ತದೆ. ರೋಮಿನ ಸೆಲ್ಸಸ್ ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ಕ್ರಿ.ಶ. 1ನೇ ಶತಮಾನದಲ್ಲೇ ಬರೆದಿಟ್ಟ. ಇದು ಕಾಯಿಲೆಯೋ, ಗಾಯ ಮಾಯುವ ಕೆಲಸದ್ದೇ ಒಂದು ಭಾಗವೋ ಎಂಬ ಪ್ರಶ್ನೆ ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ಮಧ್ಯಯುಗದ ಯುರೋಪಿನ ಹೆಚ್ಚಿನ ಶಸ್ತ್ರವೈದ್ಯರು ಕೀವು ಬಂದರೆ ಒಳ್ಳೆಯದೆಂದೇ ನಂಬಿ, ಅದು ಕಟ್ಟಲಿ ಎಂದು ಗಾಯಕ್ಕೆ ಮುಲಾಮು ತುಂಬುತ್ತಿದ್ದರು. ಗಾಯವನ್ನು ವೈನಿನಲ್ಲಿ ತೊಳೆದು, ಒಣಗಿಸಿ, ಹೊಲಿಯಿರಿ ಎಂದು 13ನೇ ಶತಮಾನದಲ್ಲಿ ಇಟಲಿಯ ಥಿಯೊಡೊರಿಕ್ ಹೇಳಿದ. ಕಿವಿಗೊಟ್ಟವರು ಕಡಿಮೆ.

ಗಾಯಕ್ಕೆ ವೈದ್ಯ ಕೈಹಾಕಲೇಬೇಕು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಯುದ್ಧಭೂಮಿಯಲ್ಲಿ. 1761ರಲ್ಲಿ ಬ್ರಿಟಿಷ್ ಸೇನೆ ಫ್ರಾನ್ಸಿನ ಬೆಲ್ ಈಲ್ ದ್ವೀಪಕ್ಕೆ ಮುತ್ತಿಗೆ ಹಾಕಿದಾಗ ಜಾನ್ ಹಂಟರ್ ಸೇನೆಯ ಶಸ್ತ್ರವೈದ್ಯನಾಗಿದ್ದ. ಗುಂಡೇಟಿನ ಗಾಯವನ್ನು ಚಾಕುವಿನಿಂದ ಇನ್ನಷ್ಟು ಸೀಳಿ ಗುಂಡು ಹೊರತೆಗೆಯುವುದು ಆಗಿನ ರೂಢಿ. ಗುಂಡು ತಗುಲಿದ ಕೆಲವು ಫ್ರೆಂಚ್ ಸೈನಿಕರು ಯಾವ ಚಿಕಿತ್ಸೆಯೂ ಇಲ್ಲದೆ ಪಾಳುಬಿದ್ದ ಮನೆಯೊಂದರಲ್ಲಿ ದಿನಗಟ್ಟಲೆ ಅಡಗಿದ್ದು ಆಮೇಲೆ ಸಿಕ್ಕಿಬಿದ್ದರು. ವೈದ್ಯರ ಕೈಗೆ ಸಿಕ್ಕವರಿಗಿಂತ ಇವರ ಗಾಯಗಳ ಸ್ಥಿತಿಯೇ ಚೆನ್ನಾಗಿತ್ತು. ಹಂಟರ್ ಇದನ್ನು ಮರೆಯಲಿಲ್ಲ. ಅವನು ತೀರಿಕೊಂಡ ಮರುವರ್ಷ, 1794ರಲ್ಲಿ, ಹೊರಬಂದ ಗ್ರಂಥದಲ್ಲಿ ಉರಿಯೂತವನ್ನು ಕಾಯಿಲೆಯ ಪಟ್ಟಿಯಿಂದ ತೆಗೆದು, ಪೆಟ್ಟಿಗೆ ದೇಹ ತೋರುವ ಹಿತಕರ ಪ್ರತಿಕ್ರಿಯೆ ಎಂದು ಕರೆದ. ಚಾಕು ಹಿಡಿದವನೇ ಕೈ ತಡೆಯಬೇಕೆಂದು ವಾದಿಸಿದ್ದು ಸಣ್ಣ ಧೈರ್ಯವಲ್ಲ.

1867ರಲ್ಲಿ ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ಕಪ್ಪೆಯ ಕರುಳಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ನೋಡುತ್ತ ಕುಳಿತ. ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿ, ನಿಧಾನವಾಗಿ ನುಸುಳಿ ಹೊರಬಂದವು. ಕೀವಿನ ಕಣಗಳು ಎಲ್ಲಿಂದ ಬರುತ್ತವೆ ಎಂಬುದು ಕಣ್ಣೆದುರೇ ತಿಳಿಯಿತು.

ಬಂದು ಏನು ಮಾಡುತ್ತವೆ? 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್‌ನ ಮನೆಯವರು ವಾನರಗಳ ಆಟ ನೋಡಲು ಸರ್ಕಸ್ಸಿಗೆ ಹೋಗಿದ್ದರು. ಒಬ್ಬನೇ ಉಳಿದಿದ್ದ ಅವನು ಗಾಜಿನಷ್ಟು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳ ಮೈಗೆ ಗುಲಾಬಿ ಮುಳ್ಳು ಚುಚ್ಚಿದ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಚಲಿಸುವ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಕಣಗಳು ಹೊರಗಿನ ವಸ್ತುವನ್ನು ನುಂಗುತ್ತವೆ ಎಂಬ ಅವನ ಸಿದ್ಧಾಂತಕ್ಕೆ 1908ರಲ್ಲಿ ನೊಬೆಲ್ ಬಂತು.

ಅವುಗಳನ್ನು ಕರೆದವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಒಂದು ಶತಮಾನ ಹಿಡಿಯಿತು. ಬಿಳಿ ಕಣಗಳು ಪರಸ್ಪರ ಸುದ್ದಿ ಮುಟ್ಟಿಸುವ ಪ್ರೋಟೀನುಗಳಿಗೆ ಇಂಟರ್‌ಲ್ಯೂಕಿನ್ ಎಂಬ ಹೆಸರು ಬಂದದ್ದು 1979ರಲ್ಲಿ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಗಾಯದತ್ತ ಸೆಳೆಯುವ, ಇಂದು ಇಂಟರ್‌ಲ್ಯೂಕಿನ್-8 ಎನ್ನುವ ಪ್ರೋಟೀನು 1987ರಲ್ಲಿ ಕೈಗೆ ಸಿಕ್ಕಿತು.

ಅಷ್ಟರಲ್ಲಾಗಲೇ ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು ಗಿನಿಯಿಲಿಗಳಲ್ಲಿ ಒಂದು ಸೋಜಿಗ ಕಂಡಿದ್ದರು. ನ್ಯೂಟ್ರೋಫಿಲ್‌ಗಳನ್ನು ಕಡಿಮೆ ಮಾಡಿದರೂ, ಸೋಂಕಿಲ್ಲದ ಗಾಯ ಮಾಯುತ್ತಿತ್ತು; ಮ್ಯಾಕ್ರೋಫೇಜ್ ಎಂಬ ನುಂಗುವ ಕಣಗಳನ್ನು ತಗ್ಗಿಸಿದಾಗ ಕಸ ಹಾಗೇ ಉಳಿದು, ಹೊಸ ಅಂಗಾಂಶ ಕಟ್ಟುವುದು ತಡವಾಗುತ್ತಿತ್ತು. 1975ರ ಈ ಕೆಲಸದ ನಂತರ ಮ್ಯಾಕ್ರೋಫೇಜ್ ಬರೀ ನುಂಗುವ ಕಣವಾಗಿ ಉಳಿಯಲಿಲ್ಲ. ಮೊದಲು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಸುದ್ದಿ ಮುಟ್ಟಿಸುವ ಪ್ರೋಟೀನುಗಳನ್ನು ಸುರಿಸಿ ಉರಿಯೂತ ಏರಿಸುವುದೂ, ಆಮೇಲೆ ವರಸೆ ಬದಲಿಸಿ ದುರಸ್ತಿಗೆ ಇಳಿಯುವುದೂ ಅದೇ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನಲ್ಲಿ ಮ್ಯಾಕ್ರೋಫೇಜ್‌ನ ಈ ಬದಲಾವಣೆಯೂ ಕೆಡುತ್ತದೆ. ಉರಿಯೂತ ಮುಗಿಯುವುದಿಲ್ಲ, ಅದರ ಜೊತೆ ಹೆಚ್ಚುವ ಕಿಣ್ವಗಳು ಅಂಗಾಂಶ ಬೆಳೆಸುವ ಪ್ರೋಟೀನುಗಳನ್ನೇ ತುಂಡರಿಸುತ್ತವೆ. ಅಂಥ ಒಂದು ಪ್ರೋಟೀನನ್ನು ಹೊರಗಿನಿಂದ ಹಚ್ಚುವ ಜೆಲ್‌ಗೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಹಚ್ಚುವ ಮೊದಲು ಹುಣ್ಣಿನ ಸತ್ತ ಮಾಂಸವನ್ನು ಕೆರೆದು ತೆಗೆಯಬೇಕು, ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು.